‘ಜಡ್ಜ್‌ರನ್ನು ಕೇಳುವವರು ಯಾರೂ ಇಲ್ಲವೇ?’ – ರಾಯಚೂರು ಜಿಲ್ಲೆಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ವಕೀಲ ಸಾಹೇಬರಿಗೆ ನಮಸ್ಕಾರ. ನಮ್ಮದು ರಾಯಚೂರು ಜಿಲ್ಲೆಯ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನಮ್ಮಪ್ಪನ ಹೆಸರಿನಲ್ಲಿ ಹನ್ನೊಂದು ಎಕರೆ ಭತ್ತದ ಗದ್ದೆ ಇತ್ತು. ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಪಹಣಿ ತಮ್ಮ ಹೆಸರಿಗೆ ಮಾಡಿಸಿಕೊಂಡರು. ನಾನು ಪಾಲು ಕೇಳಿ ದಾವೆ ಹಾಕಿ ಆರು ವರ್ಷವಾಯಿತು. ಈಗಿನ ಜಡ್ಜ್ ಬಂದು ಒಂದೂವರೆ ವರ್ಷ. ಎದುರಿನವರು ಕೇಳಿದಾಗಲೆಲ್ಲ ತಾರೀಖು ಸಿಗುತ್ತದೆ, ನಮ್ಮ ವಕೀಲರು ಒಂದು ಸಲ ಕೇಳಿದ್ದಕ್ಕೆ ದಂಡ ಹಾಕಿದರು. ಗದ್ದೆ ಮಾರದಂತೆ ತಡೆಯಾಜ್ಞೆ ಕೇಳಿದ ಅರ್ಜಿಯನ್ನು ಮೊನ್ನೆ ವಜಾ ಮಾಡಿದರು. ಅವತ್ತು ತುಂಬಿದ ಕೋರ್ಟಿನಲ್ಲಿ ‘ಮದುವೆಯಲ್ಲಿ ಬಂಗಾರ ಹಾಕಿ ಕಳಿಸಿದ್ದಾರಲ್ಲ, ಇನ್ನೂ ಅಣ್ಣಂದಿರ ಹೊಲದ ಮೇಲೆ ಯಾಕಮ್ಮ ಕಣ್ಣು’ ಎಂದರು. ಎದುರು ವಕೀಲರ ಮನೆಯ ಗೃಹಪ್ರವೇಶಕ್ಕೂ ಅವರು ಹೋಗಿದ್ದರು, ಫೋಟೋ ಇದೆ. ಈಗ ಒಬ್ಬ ಬಂದು ‘ಎರಡು ಲಕ್ಷ ಕೊಡಿ, ಸಾಹೇಬರ ಹತ್ತಿರ ನಾನು ಮಾತಾಡುತ್ತೇನೆ’ ಎನ್ನುತ್ತಿದ್ದಾನೆ. ಮಗ ವಿಡಿಯೊ ಮಾಡಿ ಮೊಬೈಲ್‌ನಲ್ಲಿ ಹಾಕೋಣ ಎನ್ನುತ್ತಾನೆ. ನಮ್ಮ ವಕೀಲರು ‘ಸುಮ್ಮನಿರಿ, ಒಳಗೆ ಹಾಕುತ್ತಾರೆ’ ಎಂದು ಹೆದರಿಸುತ್ತಾರೆ. ಜಡ್ಜ್‌ರನ್ನು ಕೇಳುವವರು ಯಾರೂ ಇಲ್ಲವೇ?

ಉತ್ತರ:

ತಂಗಿ, ನಿಮ್ಮ ಹೆಸರು, ಊರು, ತಾಲ್ಲೂಕು ಇಲ್ಲಿ ತೆಗೆದಿದ್ದೇನೆ. ನಿಮ್ಮ ಕೊನೆಯ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ.

ಕೇಳುವವರು ಇದ್ದಾರೆ. ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರಿಂದ ಹಿಡಿದು ರಾಯಚೂರಿನ ಜಿಲ್ಲಾ ನ್ಯಾಯಾಧೀಶರವರೆಗೆ ಎಲ್ಲರೂ ಸಂವಿಧಾನದ 235ನೇ ವಿಧಿಯ ಪ್ರಕಾರ ಹೈಕೋರ್ಟಿನ ಹತೋಟಿಯಲ್ಲಿದ್ದಾರೆ. ಅವರ ವರ್ಗಾವಣೆ, ಬಡ್ತಿ, ಅಮಾನತು, ಇಲಾಖಾ ವಿಚಾರಣೆ ಎಲ್ಲ ಅಲ್ಲಿಂದಲೇ. ಡಿಸಿ ಕಚೇರಿಗೆ, ಶಾಸಕರಿಗೆ, ಉಸ್ತುವಾರಿ ಮಂತ್ರಿಗಳಿಗೆ ಮನವಿ ಪತ್ರ ಕೊಟ್ಟು ವರ್ಷಗಟ್ಟಲೆ ಕಾದು ಕೂತವರನ್ನು ನಾನು ನೋಡಿದ್ದೇನೆ. ಅವರ್ಯಾರಿಗೂ ಈ ವಿಷಯದಲ್ಲಿ ಅಧಿಕಾರವಿಲ್ಲ, ಇರಲೂಬಾರದು. ಶಾಸಕರ ಮಾತಿಗೆ ಜಡ್ಜ್ ವರ್ಗವಾಗುವ ದಿನ ಬಂದರೆ ನಿಮ್ಮಂಥವರಿಗೆ ಕೋರ್ಟಿನ ಮೆಟ್ಟಿಲೂ ಉಳಿಯುವುದಿಲ್ಲ.

ನಿಮ್ಮ ಪತ್ರದಲ್ಲಿ ಬೇರೆ ಬೇರೆ ನೋವುಗಳು ಒಂದೇ ಗಂಟಿನಲ್ಲಿವೆ. ತಡೆಯಾಜ್ಞೆ ವಜಾ ಆದದ್ದು, ತಾರೀಖಿನಲ್ಲಿ ತಾರತಮ್ಯ, ಬಂಗಾರದ ಮಾತು, ಗೃಹಪ್ರವೇಶ, ಎರಡು ಲಕ್ಷ. ಇವಕ್ಕೆ ಒಂದೊಂದಕ್ಕೂ ಬೇರೆ ಬಾಗಿಲು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ಭಾಗದ ಕೋರ್ಟುಗಳಲ್ಲಿ ಓಡಾಡಿದ ಮೇಲೆ ನನಗೆ ಖಾತ್ರಿಯಾಗಿರುವುದು ಇಷ್ಟು: ನ್ಯಾಯಾಧೀಶರ ಮೇಲಿನ ದೂರುಗಳಲ್ಲಿ ಬಹಳಷ್ಟು ಬಿದ್ದುಹೋಗುವುದು ಅವು ಸುಳ್ಳೆಂದಲ್ಲ. ಮೇಲ್ಮನವಿಯಲ್ಲಿ ಹೇಳಬೇಕಾದ್ದನ್ನು ದೂರಿನಲ್ಲಿ ಬರೆದು, ದೂರಿನಲ್ಲಿ ಹೇಳಬೇಕಾದ್ದನ್ನು ಕಟ್ಟೆಯ ಮೇಲೆ ಕೂತು ಮಾತಾಡಿ ಮುಗಿಸಿರುತ್ತಾರೆ.

ಮೊದಲು ತಡೆಯಾಜ್ಞೆ. ಆದೇಶ ತಪ್ಪಾಗಿದೆ ಎಂಬುದು ನ್ಯಾಯಾಧೀಶರ ದುರ್ನಡತೆ ಅಲ್ಲ. ಕಾನೂನು ತಪ್ಪಾಗಿ ಓದಿರಬಹುದು, ನಿಮ್ಮ ದಾಖಲೆ ಸರಿಯಾಗಿ ನೋಡದೇ ಇರಬಹುದು. ಅದನ್ನು ತಿದ್ದಲು ಮೇಲಿನ ಕೋರ್ಟು ಇದೆ. ತಾತ್ಕಾಲಿಕ ತಡೆಯಾಜ್ಞೆ ನಿರಾಕರಿಸಿದ ಆದೇಶದ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 43ನೇ ಆದೇಶದಡಿ ಮೇಲ್ಮನವಿ ಹಾಕಬಹುದು. ಜಿಲ್ಲೆಯಲ್ಲೇ ಹಾಕುವುದಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ ಗಡುವು. ಯಾವ ಕೋರ್ಟು ಎಂಬುದು ನಿಮ್ಮ ದಾವೆ ಯಾವ ಹಂತದ ನ್ಯಾಯಾಧೀಶರ ಮುಂದಿದೆ, ಆಸ್ತಿಯ ಬೆಲೆ ಎಷ್ಟು ಎಂಬುದರ ಮೇಲೆ ಹೋಗುತ್ತದೆ. ಮೊನ್ನೆ ಎಂದು ಬರೆದಿದ್ದೀರಿ, ತಾರೀಖು ಬರೆದಿಲ್ಲ. ಈ ಉತ್ತರ ಓದಿದ ದಿನವೇ ಆದೇಶದ ದೃಢೀಕೃತ ಪ್ರತಿಗೆ ನಕಲು ಅರ್ಜಿ ಹಾಕಿ. ನಕಲು ಕೊಡಲು ಕೋರ್ಟು ತೆಗೆದುಕೊಳ್ಳುವ ದಿನಗಳನ್ನು ಗಡುವಿನಿಂದ ಕಳೆಯುತ್ತಾರೆ, ಅರ್ಜಿ ಹಾಕದೆ ನೀವು ಕಳೆದ ದಿನಗಳನ್ನಲ್ಲ. ಇನ್ನೊಂದು ಧೈರ್ಯದ ಮಾತು: ದಾವೆ ನಡೆಯುತ್ತಿರುವಾಗ ಅಣ್ಣಂದಿರು ಗದ್ದೆ ಮಾರಿದರೂ, ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ ಕೊಂಡವರು ನಿಮ್ಮ ದಾವೆಯ ಡಿಕ್ರಿಗೆ, ಅಂದರೆ ಅಂತಿಮ ತೀರ್ಮಾನಕ್ಕೆ, ಬದ್ಧರು.

ತಪ್ಪು ಆದೇಶಕ್ಕೆ ಶಿಕ್ಷೆ ಯಾಕಿಲ್ಲ ಎಂದು ನಿಮಗೆ ಅನ್ನಿಸಬಹುದು. ನಮ್ಮ ಪಕ್ಕದ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಕೇರಿಯ ಮೇಲೆ ದಾಳಿಯಾಗಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಸೆಷನ್ಸ್ ನ್ಯಾಯಾಲಯ 101 ಜನರಿಗೆ ಶಿಕ್ಷೆ ವಿಧಿಸಿತು. ಅವರಲ್ಲಿ 98 ಜನರಿಗೆ ಜೀವಾವಧಿ. ಅಷ್ಟು ಮನೆಗಳ ಸಿಟ್ಟನ್ನು ಎದುರಿಟ್ಟುಕೊಂಡು ಒಬ್ಬ ನ್ಯಾಯಾಧೀಶರು ಆ ತೀರ್ಪು ಬರೆದರು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರ ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಕೆಳಗಿನ ತೀರ್ಪಿನಲ್ಲಿ ಸೋತವರು ಮೇಲೆ ಹೋದರು, ಮೇಲೆ ವಾದ ನಡೆಯುತ್ತದೆ. ಹಾಗಲ್ಲದೆ, ಸೋತ ನೂರು ಜನ ಸೇರಿ ಅರ್ಜಿ ಕೊಟ್ಟ ಮಾತ್ರಕ್ಕೆ ಆ ನ್ಯಾಯಾಧೀಶರ ಮೇಲೆ ವಿಚಾರಣೆ ಕೂರಿಸುವ ಪದ್ಧತಿ ಇದ್ದಿದ್ದರೆ ಅಂಥ ತೀರ್ಪು ಬರೆಯುವ ಎದೆ ಯಾರಿಗೆ ಬರುತ್ತಿತ್ತು? ಬಿಹಾರದ ಒಬ್ಬ ನ್ಯಾಯಾಧೀಶರು ಜಾಮೀನು ಕೊಟ್ಟದ್ದಕ್ಕೆ ಶಿಸ್ತುಕ್ರಮ ಎದುರಿಸಿದಾಗ, 2019ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡಿ, ಆದೇಶ ತಪ್ಪಾಗಿದೆ ಎಂಬುದೊಂದೇ ಶಿಸ್ತುಕ್ರಮಕ್ಕೆ ಆಧಾರವಾಗಬಾರದು ಎಂದು ಹೇಳಿದ್ದು ಈ ಕಾರಣಕ್ಕೆ.

ಆದರೆ ಈ ರಕ್ಷಣೆ ಪ್ರಾಮಾಣಿಕ ತಪ್ಪಿಗೆ ಮಾತ್ರ. ಆದೇಶದ ಹಿಂದೆ ಬೇರೇನೋ ಇದ್ದರೆ ಮಾತು ಬೇರೆ. 1993ರಲ್ಲಿ ಕೆ.ಕೆ. ಧವನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಡುವ ಅಧಿಕಾರ ಇರುವವರ ಮೇಲೆ ಯಾವಾಗ ಶಿಸ್ತುಕ್ರಮ ಆಗಬಹುದು ಎಂದು ಬಿಡಿಸಿ ಹೇಳಿತು. ಪ್ರಾಮಾಣಿಕತೆಯ ಮೇಲೆ ಸಂಶಯ ಬರುವಂತೆ ನಡೆದುಕೊಂಡರೆ, ಕರ್ತವ್ಯದಲ್ಲಿ ಬೇಜವಾಬ್ದಾರಿ ತೋರಿದರೆ, ಒಂದು ಪಕ್ಷಕ್ಕೆ ಸಲ್ಲದ ಅನುಕೂಲ ಮಾಡಿಕೊಟ್ಟರೆ, ಎಷ್ಟೇ ಚಿಕ್ಕದಾಗಿರಲಿ ಲಂಚದ ಆಸೆಗೆ ಬಿದ್ದಿದ್ದರೆ ಕ್ರಮ ಜರುಗಿಸಬಹುದು. 2022ರಲ್ಲಿ ಉತ್ತರ ಪ್ರದೇಶದ ಮುಜಫರ್ ಹುಸೇನ್ ಎಂಬ ನ್ಯಾಯಾಧೀಶರ ಪ್ರಕರಣ ಬಂತು. ಭೂಸ್ವಾಧೀನದ ದಾವೆಗಳಲ್ಲಿ ಬೇಕಾಬಿಟ್ಟಿ ಪರಿಹಾರ ಏರಿಸಿದ್ದರು. ತೀರ್ಪಿನ ನೆಪದಲ್ಲಿ ಒಂದು ಪಕ್ಷಕ್ಕೆ ಅನುಕೂಲ ಮಾಡುವುದು ಅತಿ ಕೆಟ್ಟ ದುರ್ನಡತೆ ಎಂಬ ಅರ್ಥದಲ್ಲಿ ಹೇಳಿ, ಅವರ ಪಿಂಚಣಿ ಕಡಿತವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಹಾಗಾಗಿ ನಿಮ್ಮ ತಾರೀಖಿನ ವಿಷಯಕ್ಕೆ ಬೆಲೆ ಇದೆ. ಒಂದು ತಾರೀಖಿಗಲ್ಲ, ಒಂದೂವರೆ ವರ್ಷದ ತಾರೀಖುಗಳ ಸರಣಿಗೆ. ಇಡೀ ಆರ್ಡರ್ ಶೀಟಿನ ದೃಢೀಕೃತ ಪ್ರತಿ ತೆಗೆಸಿ. ಪ್ರತಿ ಪೇಶಿಯಲ್ಲಿ ಯಾರು ಹಾಜರಿದ್ದರು, ಯಾರು ಕಾಲಾವಕಾಶ ಕೇಳಿದರು, ದಂಡ ಯಾರಿಗೆ ಬಿತ್ತು ಎಂಬುದು ಅದರಲ್ಲೇ ಇರುತ್ತದೆ. ಎದುರಿನವರು ಕೇಳಿದ್ದು ಹದಿನಾಲ್ಕು ಸಲ, ದಂಡ ಸೊನ್ನೆ. ನೀವು ಕೇಳಿದ್ದು ಒಂದು ಸಲ, ದಂಡ ಬಿತ್ತು – ಹೀಗೆ ಕೋರ್ಟಿನದೇ ಕಾಗದ ತೋರಿಸಿದರೆ ಅದನ್ನು ಅಲ್ಲಗಳೆಯುವುದು ಸುಲಭವಲ್ಲ. (ಸಂಖ್ಯೆ ಉದಾಹರಣೆಗೆ ಹೇಳಿದೆ, ನಿಮ್ಮದು ನೀವೇ ಎಣಿಸಿ.) ಆದರೆ ಎಣಿಸುವಾಗ ಪ್ರಾಮಾಣಿಕವಾಗಿರಿ. ಎದುರಿನವರಿಗೆ ಆಸ್ಪತ್ರೆ, ಸಾವಿನಂಥ ಕಾರಣ ಇದ್ದ ದಿನಗಳನ್ನು ಬಿಟ್ಟೇ ಎಣಿಸಿ. ಜಡ್ಜ್ ರಜೆಯಲ್ಲಿದ್ದ ದಿನ, ವಕೀಲರು ಕಲಾಪದಿಂದ ಹೊರಗುಳಿದ ದಿನವೂ ಲೆಕ್ಕಕ್ಕಿಲ್ಲ.

ಇನ್ನು ಬಂಗಾರದ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಇದೇ. ಹೆಣ್ಣುಮಕ್ಕಳ ಪಾಲು ಯಾರ ಕರುಣೆಯೂ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳನ್ನು ಮಗನಂತೆಯೇ ಹುಟ್ಟಿನಿಂದ ಪಾಲುದಾರಳನ್ನಾಗಿ ಮಾಡಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಇದ್ದ ಗೊಂದಲವನ್ನೂ ತೆಗೆಯಿತು. ಗದ್ದೆ ನಿಮ್ಮಪ್ಪನ ಸ್ವಯಾರ್ಜಿತವಾಗಿದ್ದು, ಉಯಿಲು ಬರೆಯದೆ ತೀರಿಕೊಂಡಿದ್ದರೆ ಆಗಲೂ ಮಗಳು ಮೊದಲ ಸಾಲಿನ ವಾರಸುದಾರಳೇ. ಈ ಕಾನೂನು ಗೊತ್ತಿದ್ದೂ, ಸಾಕ್ಷಿ ಮುಗಿಯುವ ಮುನ್ನವೇ, ಪಾಲು ಕೇಳುವುದನ್ನು ‘ಅಣ್ಣಂದಿರ ಹೊಲದ ಮೇಲೆ ಕಣ್ಣು’ ಎಂದು ಪೀಠದಿಂದ ಹೇಳಿದರೆ, ಕೇಳುವವಳ ಮನಸ್ಸಿನಲ್ಲಿ ಏನು ಹುಟ್ಟುತ್ತದೆ?

ಕಾನೂನು ನೋಡುವುದೂ ಅದನ್ನೇ. ಪಕ್ಷಪಾತವನ್ನು ಅಳೆಯುವ ಕೋಲು ನ್ಯಾಯಾಧೀಶರ ಮನಸ್ಸಲ್ಲ. 1987ರಲ್ಲಿ ರಂಜಿತ್ ಠಾಕೂರ್ ಎಂಬ ಸೈನಿಕನ ಪ್ರಕರಣ ಬಂತು. ತನ್ನ ಮೇಲಧಿಕಾರಿಯ ವಿರುದ್ಧ ಅವನು ದೂರು ಬರೆದಿದ್ದ. ಮುಂದೆ ಅವನ ಮೇಲೆ ಸೈನಿಕ ನ್ಯಾಯಾಲಯ ಕೂತಾಗ ಅದೇ ಅಧಿಕಾರಿ ಅದರಲ್ಲಿ ಒಬ್ಬರಾಗಿ ಕೂತಿದ್ದರು. ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡುತ್ತಾ ಹೇಳಿದ್ದರ ಸಾರ ಇದು: ನ್ಯಾಯಾಧೀಶ ‘ನನ್ನಲ್ಲಿ ಪಕ್ಷಪಾತ ಇದೆಯೇ’ ಎಂದು ತನ್ನ ಒಳಗೆ ನೋಡಿಕೊಂಡರೆ ಸಾಲದು, ಎದುರಿಗೆ ನಿಂತವನ ಮನಸ್ಸನ್ನು ನೋಡಬೇಕು. ಅಲ್ಲಿ ಸಕಾರಣವಾದ ಅಂಜಿಕೆ ಇದೆಯೇ ಎಂಬುದು ಪ್ರಶ್ನೆ. ‘ಸಕಾರಣ’ ಎಂಬ ಪದವನ್ನು ನೆನಪಿಡಿ. ನನಗೆ ಹಾಗನ್ನಿಸಿತು ಎಂದರೆ ನಡೆಯುವುದಿಲ್ಲ. ನಡುವಿನ ಮನುಷ್ಯ ಒಬ್ಬ ಅಲ್ಲಿ ಕೂತು ನೋಡಿದ್ದರೆ ಅವನಿಗೂ ಹಾಗೆ ಅನ್ನಿಸಬೇಕು.

ಪಕ್ಷಪಾತದ ಅಂಜಿಕೆಗೆ ನೇರ ಪರಿಹಾರ ಪ್ರಕರಣದ ವರ್ಗಾವಣೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಂ ಅಡಿ, ನಿಮ್ಮ ದಾವೆಯನ್ನು ಆ ಕೋರ್ಟಿನಿಂದ ತೆಗೆದು ಬೇರೆ ಕೋರ್ಟಿಗೆ ಕೊಡಿ ಎಂದು ರಾಯಚೂರಿನ ಪ್ರಧಾನ ಜಿಲ್ಲಾ ನ್ಯಾಯಾಧೀಶರನ್ನು ಕೇಳಬಹುದು, ಹೈಕೋರ್ಟನ್ನೂ ಕೇಳಬಹುದು. ರಾಯಚೂರಿನವರು ಹೋಗಬೇಕಾದ್ದು ಕಲಬುರಗಿ ಪೀಠಕ್ಕೆ. ಕೊಪ್ಪಳ, ಬಳ್ಳಾರಿ ಜಿಲ್ಲೆಯ ಓದುಗರು ಇದನ್ನು ಓದುತ್ತಿದ್ದರೆ ನಿಮ್ಮದು ಧಾರವಾಡ ಪೀಠ. 2008ರಲ್ಲಿ ಸಂಚಾರಿ ಪೀಠಗಳಾಗಿ ಬಂದು 2013ರಲ್ಲಿ ಖಾಯಂ ಆದ ಮೇಲೆ ಇದಕ್ಕಾಗಿ ಬೆಂಗಳೂರಿನ ರೈಲು ಹತ್ತುವ ಕಷ್ಟ ತಪ್ಪಿದೆ. ಕ್ರಿಮಿನಲ್ ಪ್ರಕರಣ ಇದ್ದವರಿಗೆ ಇದೇ ದಾರಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) 447, 448ನೇ ಕಲಂಗಳಲ್ಲಿದೆ. ವರ್ಗಾವಣೆ ಅರ್ಜಿ ಹಾಕಿದ ಮಾತ್ರಕ್ಕೆ ಕೆಳಗಿನ ಕಲಾಪ ನಿಲ್ಲುವುದಿಲ್ಲ, ಅದಕ್ಕೆ ಬೇರೆಯಾಗಿ ತಡೆ ಕೇಳಬೇಕು. ಈ ಅರ್ಜಿಯಲ್ಲಿ ಬೈಗುಳ ಬೇಡ, ‘ಲಂಚ ತಿಂದಿದ್ದಾರೆ’ ಎಂಬ ಊಹೆಯೂ ಬೇಡ. 2025ರ ಆಗಸ್ಟ್‌ನಲ್ಲಿ, ತೆಲಂಗಾಣ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ಮೇಲೆ ವರ್ಗಾವಣೆ ಅರ್ಜಿಯಲ್ಲಿ ಆಧಾರವಿಲ್ಲದ ಆರೋಪ ಬರೆದ ಕಕ್ಷಿದಾರ ಮತ್ತು ವಕೀಲರಿಗೆ, ಅದೇ ನ್ಯಾಯಮೂರ್ತಿಯ ಮುಂದೆ ಹೋಗಿ ಕ್ಷಮೆ ಕೇಳುವಂತೆ ಸುಪ್ರೀಂ ಕೋರ್ಟು ಹೇಳಿತು. ನಡೆದದ್ದು ಏನು, ಯಾವ ದಿನ, ಯಾರು ಕೇಳಿಸಿಕೊಂಡರು, ಇಷ್ಟು ಬರೆದರೆ ಸಾಕು.

ಆ ಮಾತು ಆಡಿದ್ದಕ್ಕೆ ಸಾಕ್ಷಿ ಏನು? ಇಲ್ಲೇ ತಾಲ್ಲೂಕು ಕೋರ್ಟಿನ ಕಕ್ಷಿದಾರರಿಗೂ ಹೈಕೋರ್ಟಿನ ಕಕ್ಷಿದಾರರಿಗೂ ದೊಡ್ಡ ಅಂತರ ಇರುವುದು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ವಿ. ಶ್ರೀಶಾನಂದ ಅವರು 2024ರಲ್ಲಿ ವಿಚಾರಣೆ ವೇಳೆ ಬೆಂಗಳೂರಿನ ಒಂದು ಬಡಾವಣೆಯ ಬಗ್ಗೆ, ಮತ್ತು ಒಬ್ಬ ಮಹಿಳಾ ವಕೀಲರಿಗೆ ಆಡಿದ ಮಾತು ನೇರ ಪ್ರಸಾರದಲ್ಲಿ ದಾಖಲಾಗಿತ್ತು. ದೇಶವೆಲ್ಲ ನೋಡಿತು. ಸೆಪ್ಟೆಂಬರ್ 20ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ಅವರು ತೆರೆದ ನ್ಯಾಯಾಲಯದಲ್ಲಿ ವಿಷಾದ ವ್ಯಕ್ತಪಡಿಸಿದರು. 25ರಂದು ಪ್ರಕರಣ ಮುಗಿಯಿತು. ಐದೇ ದಿನ. ನಿಮ್ಮ ಕೋರ್ಟಿನಲ್ಲಿ ಆಡಿದ ಮಾತು ಗಾಳಿಗೆ ಹೋಯಿತು. ಜಿಲ್ಲಾ, ತಾಲ್ಲೂಕು ಕೋರ್ಟುಗಳ ಕಲಾಪವೂ ದಾಖಲಾಗಬೇಕು ಎಂದು ನಾನು ವಕೀಲರ ಸಂಘದ ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಪ್ರಾಮಾಣಿಕ ನ್ಯಾಯಾಧೀಶರಿಗೂ ಅದೇ ರಕ್ಷೆ.

ಈಗ ನಿಮ್ಮ ಕೈಯಲ್ಲಿರುವುದು ಮನುಷ್ಯರ ನೆನಪು. ಅವತ್ತು ಕೋರ್ಟಿನಲ್ಲಿದ್ದ ಇಬ್ಬರು ಮೂವರಿಂದ, ನಿಮ್ಮ ಕಡೆಯವರಲ್ಲದವರಾದರೆ ಇನ್ನೂ ಒಳ್ಳೆಯದು, ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿ. ಕೇಳಿದ ಮಾತನ್ನು ಕೇಳಿದ ಹಾಗೆಯೇ ಬರೆಸಿ, ಚೆಂದ ಮಾಡಬೇಡಿ. ನಿಮ್ಮ ವಕೀಲರಿಗೆ ಧೈರ್ಯ ಇದ್ದರೆ ಅದೇ ಕೋರ್ಟಿಗೆ ಒಂದು ಮೆಮೊ ಹಾಕಿ, ಇಂಥ ದಿನ ಇಂಥ ಮಾತು ಬಂತು, ಕಕ್ಷಿದಾರರಿಗೆ ನೋವಾಗಿದೆ ಎಂದು ವಿನಯದಿಂದ ದಾಖಲಿಸಲಿ. ಕೋರ್ಟಿನಲ್ಲಿ ನಡೆದದ್ದರ ಬಗ್ಗೆ ತಕರಾರಿದ್ದರೆ ನೆನಪು ಹಸಿ ಇರುವಾಗಲೇ ಅದೇ ನ್ಯಾಯಾಧೀಶರ ಗಮನಕ್ಕೆ ತರಬೇಕು ಎಂದು 1982ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಎರಡು ವರ್ಷ ಕಳೆದು, ಸೋತ ಮೇಲೆ ಹೇಳಿದ ಮಾತನ್ನು ಯಾರೂ ನಂಬುವುದಿಲ್ಲ.

ಗೃಹಪ್ರವೇಶದ ಫೋಟೋ ಬಗ್ಗೆ ನಿಮಗೆ ಇಷ್ಟವಾಗದ ಮಾತು ಹೇಳಬೇಕಾಗಿದೆ. ತಾಲ್ಲೂಕು ಊರಿನಲ್ಲಿ ಜಡ್ಜ್, ವಕೀಲರು, ತಹಶೀಲ್ದಾರರು ಒಬ್ಬರಿಗೊಬ್ಬರು ಕಾಣದೆ ಬದುಕುವುದು ಕಷ್ಟ. ಇಡೀ ವಕೀಲರ ಸಂಘವನ್ನೇ ಕರೆದ ಸಮಾರಂಭಕ್ಕೆ ಬಂದು ಊಟ ಮಾಡಿ ಹೋಗಿದ್ದರೆ ಅದೊಂದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ, 1997ರ ಮೇ 7ರಂದು ಸುಪ್ರೀಂ ಕೋರ್ಟು ತನ್ನವರಿಗಾಗಿ ಒಪ್ಪಿಕೊಂಡ ನ್ಯಾಯಾಂಗ ಬದುಕಿನ ಮೌಲ್ಯಗಳ ಪಟ್ಟಿಯಲ್ಲಿ, ಅದೇ ಕೋರ್ಟಿನಲ್ಲಿ ವಾದಿಸುವ ವಕೀಲರ ಜತೆ ಹೆಚ್ಚಿನ ಸಲುಗೆ ಬೇಡ ಎಂಬುದು ಸೇರಿದೆ. 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕರಡು ರೂಪುಗೊಂಡು, ಜಗತ್ತಿನ ಕೋರ್ಟುಗಳಲ್ಲಿ ‘ಬೆಂಗಳೂರು ತತ್ವಗಳು’ ಎಂದೇ ಹೆಸರಾದ ನೀತಿ ಸಂಹಿತೆಯೂ, ನ್ಯಾಯಾಧೀಶರು ನಿಷ್ಪಕ್ಷಪಾತಿಗಳಾಗಿದ್ದರೆ ಸಾಲದು, ಹಾಗೆ ಕಾಣಲೂ ಬೇಕು ಎನ್ನುತ್ತದೆ. ಫೋಟೋವನ್ನು ಇಟ್ಟುಕೊಳ್ಳಿ. ಆರ್ಡರ್ ಶೀಟಿನ ಲೆಕ್ಕ ಮತ್ತು ಪ್ರಮಾಣಪತ್ರಗಳ ಜತೆ ಅದಕ್ಕೂ ಒಂದಿಷ್ಟು ತೂಕ ಬರುತ್ತದೆ, ಒಂಟಿಯಾಗಿ ಬರುವುದಿಲ್ಲ.

ಈಗ ದೂರು. ವರ್ಗಾವಣೆ ಅರ್ಜಿ ನಿಮ್ಮ ದಾವೆಯನ್ನು ಉಳಿಸಿಕೊಳ್ಳಲು. ದೂರು ಆ ನ್ಯಾಯಾಧೀಶರ ನಡತೆಯ ಬಗ್ಗೆ. ಅದನ್ನು ಬೆಂಗಳೂರಿನ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅಥವಾ ವಿಚಕ್ಷಣಾ (ವಿಜಿಲೆನ್ಸ್) ರಿಜಿಸ್ಟ್ರಾರ್ ಹೆಸರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿ. ಪ್ರತಿ ಜಿಲ್ಲೆಗೂ ಹೈಕೋರ್ಟಿನ ಒಬ್ಬ ಆಡಳಿತಾತ್ಮಕ ನ್ಯಾಯಮೂರ್ತಿ ಇರುತ್ತಾರೆ, ಪ್ರತಿಯೊಂದನ್ನು ಅವರಿಗೂ ಕಳಿಸಬಹುದು. ಕನ್ನಡದಲ್ಲೇ ಬರೆಯಿರಿ, ಎರಡು ಪುಟ ಮೀರಿಸಬೇಡಿ. ಮುಖ್ಯವಾದ ಮಾತು: ಹೆಸರಿಲ್ಲದ ದೂರು ಕಳಿಸಬೇಡಿ. 2014ರ ಅಕ್ಟೋಬರ್‌ನಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳು ಎಲ್ಲ ಹೈಕೋರ್ಟುಗಳಿಗೆ ಪತ್ರ ಬರೆದು, ಪ್ರಮಾಣಪತ್ರ ಮತ್ತು ಪರಿಶೀಲಿಸಬಹುದಾದ ಆಧಾರ ಇಲ್ಲದ ದೂರನ್ನು ಕೆಳ ನ್ಯಾಯಾಂಗದ ಅಧಿಕಾರಿಗಳ ಮೇಲೆ ತೆಗೆದುಕೊಳ್ಳಬಾರದು ಎಂದರು. ಹಿಂದೊಮ್ಮೆ ನನ್ನ ಬಳಿ ಬಂದ ಒಬ್ಬ ರೈತರು, ನಡೆದದ್ದು ನಡೆದ ಹಾಗೆ ಇದ್ದ ಒಂದು ದೂರನ್ನು ‘ನೊಂದ ನಾಗರಿಕರು’ ಎಂದು ಸಹಿ ಮಾಡಿ ಕಳಿಸಿಬಿಟ್ಟಿದ್ದರು. ಅದು ಕಡತಕ್ಕೆ ಸೇರಿ ಅಲ್ಲೇ ಮುಗಿಯಿತು. ಅಷ್ಟು ಕಾಗದ ಕೂಡಿಸಿದ ಮನುಷ್ಯ ಕೊನೆಗೆ ಹೆಸರು ಬರೆಯಲು ಹೆದರಿದರಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಹೆದರಿಕೆ ಯಾವುದು ಎಂದು ಗೊತ್ತು: ನ್ಯಾಯಾಂಗ ನಿಂದನೆ. ನಿಮ್ಮ ವಕೀಲರು ಹೇಳಿದ ‘ಒಳಗೆ ಹಾಕುತ್ತಾರೆ’ ಅರ್ಧ ನಿಜ. ನ್ಯಾಯಾಂಗ ನಿಂದನೆ ಕಾಯ್ದೆ 1971ರಲ್ಲಿ ಆರು ತಿಂಗಳವರೆಗೆ ಸಾದಾ ಸೆರೆವಾಸ, ಎರಡು ಸಾವಿರ ರೂಪಾಯಿವರೆಗೆ ದಂಡ ಇದೆ. ಆದರೆ ಅದೇ ಕಾಯ್ದೆಯ 6ನೇ ಕಲಂ ಅನ್ನು ಊರಿನ ಪ್ರತಿ ಕೋರ್ಟಿನ ಗೋಡೆಗೆ ಬರೆಸಬೇಕು ಎಂಬುದು ನನ್ನ ಬಯಕೆ. ಕೆಳ ನ್ಯಾಯಾಲಯದ ನ್ಯಾಯಾಧೀಶರ ಬಗ್ಗೆ ಸದ್ಭಾವನೆಯಿಂದ ಹೈಕೋರ್ಟಿಗೆ ಕೊಟ್ಟ ಹೇಳಿಕೆ ನಿಂದನೆಯಲ್ಲ ಎಂದು ಅದು ನೇರವಾಗಿ ಹೇಳುತ್ತದೆ. 5ನೇ ಕಲಂ ಪ್ರಕಾರ, ತೀರ್ಮಾನವಾದ ಪ್ರಕರಣದ ತೀರ್ಪನ್ನು ನ್ಯಾಯಯುತವಾಗಿ ಟೀಕಿಸುವುದೂ ನಿಂದನೆಯಲ್ಲ. 2006ರ ತಿದ್ದುಪಡಿಯ ನಂತರ ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯವೂ ಸಮರ್ಥನೆಯಾಗಬಹುದು. ಅಂದರೆ ನೀವು ಹೈಕೋರ್ಟಿಗೆ ಬರೆದ ನೇರ ಮಾತಿಗೆ ಕಾನೂನಿನ ಕೊಡೆ ಇದೆ. ಮಗ ಮೊಬೈಲ್‌ನಲ್ಲಿ ಹಾಕುವ ವಿಡಿಯೊಗೆ ಆ ಕೊಡೆ ಇಲ್ಲ. ಅಪ್ಪಣೆಯಿಲ್ಲದೆ ಕೋರ್ಟು ಹಾಲಿನಲ್ಲಿ ಚಿತ್ರೀಕರಿಸುವುದೇ ಬೇರೆ ತಪ್ಪು, ನಡೆಯುತ್ತಿರುವ ದಾವೆಯ ಜಡ್ಜ್ ಮೇಲೆ ಬೀದಿಯಲ್ಲಿ ಆರೋಪ ಮಾಡುವುದು ಇನ್ನೊಂದು. ಮಗನ ಸಿಟ್ಟು ನ್ಯಾಯವಾದದ್ದೇ. ಆ ಹುಡುಗನನ್ನು ಆರ್ಡರ್ ಶೀಟಿನ ಲೆಕ್ಕ ಮಾಡಲು ಕೂರಿಸಿ.

ಎರಡು ಲಕ್ಷದವನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಥವರು ಎರಡೂ ಕಡೆ ತಿರುಗುತ್ತಾರೆ. ಗೆದ್ದವರ ಹಣ ಇಟ್ಟುಕೊಂಡು ಸೋತವರ ಹಣ ವಾಪಸು ಕೊಟ್ಟು ‘ಸಾಹೇಬರು ಒಪ್ಪಲಿಲ್ಲ’ ಎನ್ನುತ್ತಾರೆ. ನ್ಯಾಯಾಧೀಶರಿಗೆ ಇದರ ಸುಳಿವೂ ಇರುವುದಿಲ್ಲ. ಕೊಟ್ಟರೆ ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಕೊಟ್ಟವರೂ ಏಳು ವರ್ಷದವರೆಗಿನ ಶಿಕ್ಷೆಗೆ ಗುರಿ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ತಿಳಿಸಿದರೆ ರಕ್ಷಣೆ ಇದೆ. ಅವನು ಮತ್ತೆ ಬಂದರೆ ರಾಯಚೂರಿನ ಲೋಕಾಯುಕ್ತ ಪೊಲೀಸರಿಗೆ ತಿಳಿಸಿ. ದೂರಿನಲ್ಲಿ ಅವನ ಹೆಸರು, ಅವನು ಬಂದ ದಿನ ಬರೆಯಿರಿ, ಆದರೆ ಅವನು ಜಡ್ಜ್ ಕಳಿಸಿದವನು ಎಂದು ಬರೆಯಬೇಡಿ. ಅದು ನಿಮಗೆ ಗೊತ್ತಿಲ್ಲ.

ಲಂಚದ ಆರೋಪದಲ್ಲಿ ನ್ಯಾಯಾಧೀಶರ ಮೇಲೆ ಕ್ರಮವೇ ಆಗುವುದಿಲ್ಲ ಎನ್ನುವವರಿಗೆ ಬಳ್ಳಾರಿಯವರು ಮರೆಯದ ಸಂಗತಿಯೊಂದಿದೆ. ಓಬಳಾಪುರಂ ಗಣಿ ಪ್ರಕರಣದಲ್ಲಿ 2012ರ ಮೇ ತಿಂಗಳಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯದಿಂದ ಗಾಲಿ ಜನಾರ್ದನ ರೆಡ್ಡಿ ಅವರಿಗೆ ಜಾಮೀನು ಸಿಕ್ಕಿತು. ಹಣ ಕೈ ಬದಲಿಸಿದೆ ಎಂಬ ಆರೋಪ ಎದ್ದು, ಅದೇ ತಿಂಗಳ ಕೊನೆಗೆ ಆಂಧ್ರ ಹೈಕೋರ್ಟು ಆ ನ್ಯಾಯಾಧೀಶರನ್ನು ಅಮಾನತು ಮಾಡಿತು. ಜೂನ್‌ನಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಅವರನ್ನು ಬಂಧಿಸಿತು. ಹೈಕೋರ್ಟು ಮನಸ್ಸು ಮಾಡಿದರೆ ವಾರಗಳಲ್ಲಿ ಕೆಲಸ ಆಗುತ್ತದೆ.

ಮನಸ್ಸು ಮಾಡಿದರೆ ಎಂದೆ. ನನ್ನ ಬೇಸರ ಇರುವುದು ಇಲ್ಲಿ, ಮುಚ್ಚಿಡುವುದಿಲ್ಲ. ದೂರು ಕೊಟ್ಟ ಮೇಲೆ ಹೈಕೋರ್ಟು ಗುಟ್ಟಾಗಿ ಪರಿಶೀಲಿಸುತ್ತದೆ, ಬೇಕೆನಿಸಿದರೆ ಆ ಅಧಿಕಾರಿಯ ವಿವರಣೆ ಕೇಳುತ್ತದೆ, ಅಗತ್ಯ ಬಿದ್ದರೆ ಇಲಾಖಾ ವಿಚಾರಣೆ ನಡೆಸುತ್ತದೆ. ಆದರೆ ದೂರು ಕೊಟ್ಟವರಿಗೆ ಅದು ಏನಾಯಿತು ಎಂದು ತಿಳಿಯುವುದು ಬಹಳ ಅಪರೂಪ. 2022ರ ಗಣರಾಜ್ಯೋತ್ಸವದಂದು ನಮ್ಮ ರಾಯಚೂರಿನ ಕೋರ್ಟಿನಲ್ಲಿ ನಡೆದದ್ದು ನಿಮಗೂ ನೆನಪಿರಬೇಕು. ಧ್ವಜಾರೋಹಣಕ್ಕೆ ಮೊದಲು ಬಾಬಾಸಾಹೇಬರ ಭಾವಚಿತ್ರ ತೆಗೆಸಿದರು ಎಂಬ ಆರೋಪ ಜಿಲ್ಲಾ ನ್ಯಾಯಾಧೀಶರ ಮೇಲೆ ಬಂತು. ಅವಮಾನ ಮಾಡಿಲ್ಲ ಎಂದು ಅವರು ಸ್ಪಷ್ಟನೆ ಕೊಟ್ಟರು. ರಾಯಚೂರಿನಿಂದ ಹಿಡಿದು ಬೆಂಗಳೂರಿನವರೆಗೆ ಜನ ಬೀದಿಗಿಳಿದರು. ಹೈಕೋರ್ಟು ಅವರನ್ನು ಬೆಂಗಳೂರಿಗೆ ವರ್ಗ ಮಾಡಿತು. ರಾಷ್ಟ್ರೀಯ ಹಬ್ಬಗಳಂದು ಕೋರ್ಟುಗಳಲ್ಲಿ ಅಂಬೇಡ್ಕರ್ ಭಾವಚಿತ್ರ ಇಡಬೇಕೆಂದು ಸುತ್ತೋಲೆ ಬಂತು. ಸುತ್ತೋಲೆ ಒಳ್ಳೆಯದೇ ಆಯಿತು. ಆದರೆ ಅವತ್ತು ಬೆಳಿಗ್ಗೆ ನಡೆದದ್ದೇನು ಎಂಬ ತೀರ್ಮಾನ? ವರ್ಗಾವಣೆ ಶಿಕ್ಷೆಯೂ ಅಲ್ಲ, ನಿರ್ದೋಷಿ ಎಂಬ ಮಾತೂ ಅಲ್ಲ. ನೊಂದವರಿಗೂ ಅದು ಉತ್ತರವಾಗುವುದಿಲ್ಲ, ಆರೋಪ ಹೊತ್ತ ನ್ಯಾಯಾಧೀಶರಿಗೂ ಆಗುವುದಿಲ್ಲ. ದೂರು ಕೊಟ್ಟವರಿಗೆ ಕಾರಣ ಸಹಿತ ಒಂದು ಪುಟದ ಉತ್ತರ ಕಳಿಸುವುದನ್ನು ಹೈಕೋರ್ಟು ಕಡ್ಡಾಯ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೈಕೋರ್ಟು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳದು ಬೇರೆ ಕಥೆ, ಮತ್ತು ಅಲ್ಲಿ ದಾರಿ ಇನ್ನೂ ಕಡಿದು. ಅವರನ್ನು ತೆಗೆಯಲು ಸಂಸತ್ತೇ ಬೇಕು. ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ, ಮೂವರ ತನಿಖಾ ಸಮಿತಿ, ಆಮೇಲೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ. 1993ರಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ವಿರುದ್ಧ 196 ಮತ ಬಿದ್ದವು, ಪರವಾಗಿ ಒಂದೂ ಬೀಳಲಿಲ್ಲ. ಆಳುವ ಪಕ್ಷ ಮತ ಹಾಕದೆ ಕೂತದ್ದರಿಂದ ನಿರ್ಣಯ ಬಿದ್ದುಹೋಯಿತು. ನಮ್ಮದೇ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಮೇಲೆ ಭೂಕಬಳಿಕೆಯ ಆರೋಪ ಬಂದಾಗ ಕರ್ನಾಟಕದ ವಕೀಲರು ಕಲಾಪ ಬಿಟ್ಟು ಹೊರಬಂದರು. ಅವರನ್ನು ಸಿಕ್ಕಿಂಗೆ ಕಳಿಸಲಾಯಿತು, 2011ರಲ್ಲಿ ರಾಜೀನಾಮೆ ಕೊಟ್ಟರು, ತನಿಖೆ ಅಲ್ಲಿಗೇ ನಿಂತಿತು. ಅದೇ ವರ್ಷ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಸೌಮಿತ್ರ ಸೇನ್ ವಿರುದ್ಧ ರಾಜ್ಯಸಭೆ ನಿರ್ಣಯ ಒಪ್ಪಿತು, ಲೋಕಸಭೆಯ ಸರದಿ ಬರುವ ಮುನ್ನ ಅವರೂ ರಾಜೀನಾಮೆ ಕೊಟ್ಟರು. 1950ರಿಂದ 2025ರವರೆಗೆ ಸಂಸತ್ತಿನ ಮತದಿಂದ ಒಬ್ಬ ನ್ಯಾಯಮೂರ್ತಿಯೂ ಪದಚ್ಯುತರಾಗಿಲ್ಲ. 2025ರ ಮಾರ್ಚ್‌ನಲ್ಲಿ ದೆಹಲಿಯ ನ್ಯಾಯಮೂರ್ತಿ ಯಶವಂತ ವರ್ಮಾ ಅವರ ಮನೆ ಆವರಣದಲ್ಲಿ ಬೆಂಕಿ ಬಿದ್ದು ಸುಟ್ಟ ನೋಟುಗಳು ಸಿಕ್ಕ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿಡಿಯೊವನ್ನೇ ಜನರ ಮುಂದಿಟ್ಟಿತು. ಆ ಮಟ್ಟಿಗೆ ಅದು ಹಿಂದೆಂದೂ ಇಲ್ಲದ ಹೆಜ್ಜೆ. ಆಗಸ್ಟ್‌ನಲ್ಲಿ ಲೋಕಸಭಾಧ್ಯಕ್ಷರು ರಚಿಸಿದ ಮೂವರ ಸಮಿತಿಯಲ್ಲಿ ನಮ್ಮವರೇ ಇಬ್ಬರಿದ್ದರು, ನ್ಯಾಯಮೂರ್ತಿ ಅರವಿಂದ ಕುಮಾರ್ ಮತ್ತು ಹಿರಿಯ ವಕೀಲ ಬಿ.ವಿ. ಆಚಾರ್ಯ. ನ್ಯಾಯಾಂಗದ ಹೊಣೆಗಾರಿಕೆಗೆಂದೇ 2012ರಲ್ಲಿ ಲೋಕಸಭೆ ಒಂದು ಮಸೂದೆ ಒಪ್ಪಿತ್ತು, ಅದು ಕಾಯ್ದೆಯಾಗದೆ 2014ರಲ್ಲಿ ಸತ್ತಿತು. ಅದರ ಜಾಗ ಇನ್ನೂ ಖಾಲಿ ಇದೆ. ತಾಲ್ಲೂಕಿನ ಜಡ್ಜ್ ಉತ್ತರ ಕೊಡಬೇಕು, ಮೇಲಿನವರು ರಾಜೀನಾಮೆ ಕೊಟ್ಟು ಮನೆಗೆ ಹೋಗಬಹುದು ಎಂಬುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ನಿಮ್ಮ ದಾವೆಗೆ ಅದು ಸಂಬಂಧವಿಲ್ಲ, ಆದರೂ ಕೇಳಿದ್ದೀರಿ ಎಂದು ಹೇಳಿದೆ. ನಿಮ್ಮ ಕೆಲಸ ಮೊದಲು ನಕಲು ಅರ್ಜಿ. ವಜಾ ಆದೇಶದ ನಕಲು ಕೈಗೆ ಬಂದ ಮೇಲೆ ಮೇಲ್ಮನವಿ, ಅದರ ಬೆನ್ನಿಗೆ ವರ್ಗಾವಣೆ ಅರ್ಜಿ, ಆಮೇಲೆ ದೂರು. ಈಗಿನ ವಕೀಲರು ಹೆದರಿದರೆ ಅವರನ್ನು ದೂಷಿಸಬೇಡಿ, ಅವರು ನಾಳೆಯೂ ಅದೇ ಕೋರ್ಟಿನಲ್ಲಿ ನಿಲ್ಲಬೇಕು. ವರ್ಗಾವಣೆ ಅರ್ಜಿಗೆ ರಾಯಚೂರಿನ ಅಥವಾ ಕಲಬುರಗಿಯ ವಕೀಲರನ್ನು ಹಿಡಿಯಿರಿ. ಫೀಸಿನ ಚಿಂತೆ ಇದ್ದರೆ, ಮಹಿಳೆ ಎಂಬ ಒಂದೇ ಕಾರಣಕ್ಕೆ ನಿಮಗೆ ಉಚಿತ ಕಾನೂನು ನೆರವಿನ ಹಕ್ಕಿದೆ, ಆದಾಯ ಕೇಳುವಂತಿಲ್ಲ. ರಾಯಚೂರು ಕೋರ್ಟಿನ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವಾಗ ಪಹಣಿ, ವಜಾ ಆದೇಶದ ಪ್ರತಿ, ಮಗ ಮಾಡಿದ ತಾರೀಖಿನ ಪಟ್ಟಿ ಮೂರನ್ನೂ ಒಯ್ಯಿರಿ. ಮುಂದಿನ ಪೇಶಿಗೆ ಕೋರ್ಟಿಗೆ ಹೋಗುವುದನ್ನು ಮಾತ್ರ ತಪ್ಪಿಸಬೇಡಿ. ಸಿಟ್ಟಿನಲ್ಲಿ ನೀವು ಗೈರಾದ ಒಂದು ದಿನ ದಾವೆಯೇ ವಜಾ ಆಗಬಹುದು.